ಕೊಡೆಕಡ್ಡಿಯ ಹಳಿ
ಐದನೆಯ ಕಂತು: ತೊಗರ್ಸಿಯ ಗೇಣುದ್ದ ತುಂಡು

"ಮೂಗಿಟ್ಟು ಮೂಸಾಕ ಅದೇನು ಹೋಳಿಗೆ ಏನ್ರೀ ಸಾಹೇಬ್ರೆ?" ಎಂದರು ವೀರಬಸಪ್ಪ. "ರೈಲು ಹಳಿ ಅದು. ಮೇಷ್ಟ್ರು ಅದಕ್ಕ ಏನೇನು ಬಳಿದಿದ್ದನೋ ಶಿವನಿಗೇ ಗೊತ್ತು."

ಸಬ್ ಇನ್‌ಸ್ಪೆಕ್ಟರ್ ಪಂಚಾಕ್ಷರಪ್ಪ ತಲೆ ಎತ್ತಲಿಲ್ಲ. ಹಲಗೆಯ ಅಂಚಿಗೆ ಎರಡೂ ಮೊಣಕೈ ಊರಿ, ಗಲ್ಲವನ್ನು ಹಳಿಯ ಮಟ್ಟಕ್ಕೆ ಇಳಿಸಿ ನೋಡುತ್ತಿದ್ದ. ವೀರಬಸಪ್ಪನವರ ಅಕ್ಕಿ ಗಿರಣಿಯ ಗೋದಾಮು ಅದು. ಕಮಟು ಹಿಡಿದ ತೌಡು, ಇಲಿ ಹಿಕ್ಕೆ, ಮೂಲೆಯಲ್ಲಿ ಯಾರೋ ಉಗಿದು ಹೆಪ್ಪುಗಟ್ಟಿದ ಎಲೆಯಡಿಕೆ. ಇಷ್ಟು ನಾತಗಳ ನಡುವೆ ಹಲಗೆಯ ಮೇಲಿನ ನಾತ ಯಾವುದು ಎಂದು ಬಿಡಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

ನಿನ್ನೆ ನಸುಕಿನಲ್ಲಿ, ಈ ಹಳಿ ಕಟ್ಟಿದ ಡ್ರಾಯಿಂಗ್ ಮೇಷ್ಟ್ರು ರಾಮಪ್ಪನ ಹೆಣ ಕೆರೆಯ ತೂಬಿನ ಹತ್ತಿರ ಸಿಕ್ಕಿತ್ತು. ತಲೆ ಒಡೆದಿತ್ತು. ಕೊಂದವನೆಂದು ತೊಗರ್ಸಿಯ ರಾಜಪ್ಪ ಆಗಿನಿಂದಲೇ ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆಯ ಬಸ್ಸಿಗೆ ಅವನನ್ನು ಶಿವಮೊಗ್ಗಕ್ಕೆ ಸಾಗಿಸಿದರೆ ಮುಗಿಯಿತು. ಆಮೇಲೆ ಅವನು ನೇಣಿನ ಕಡೆಗೆ ಹೊರಟ ಹಾಗೆಯೇ.

ಹಲಗೆಯ ಮೇಲೆ ಶಿಕಾರಿಪುರದಿಂದ ಸೊರಬದ ತನಕ ರೈಲು ದಾರಿಯ ಮಾದರಿ ಹರಡಿತ್ತು. ಇನ್ನೂ ಹುಟ್ಟದ ದಾರಿ. ಮರದ ಪುಡಿಯ ಗದ್ದೆ, ಕನ್ನಡಿ ಚೂರಿನ ಕೆರೆ, ಜೇಡಿಮಣ್ಣಿನ ಗುಡ್ಡ. ಕೀಲಿ ಕೊಟ್ಟರೆ ಓಡುವ ಒಂದು ಇಂಜಿನ್ನು, ಹಿಂದೆ ಎರಡು ಡಬ್ಬಿ. ತಾಲ್ಲೂಕಿಗೆ ರೈಲು ತರಿಸುತ್ತೇವೆಂದು ಹೊರಟ ಸಮಿತಿಯ ಆಸ್ತಿ ಇದು. ಆ ಸಮಿತಿಗೆ ವೀರಬಸಪ್ಪ ಅಧ್ಯಕ್ಷರು.

ಗೋಡೆಯ ಮೇಲೆ ಒಂದು ಪಟ್ಟಿಗೆ ಮೂರು ಬಗೆಯ ಹಳಿಯ ತುಂಡುಗಳನ್ನು ಮೊಳೆ ಹೊಡೆದು ನೇತು ಹಾಕಿದ್ದರು.

"ಈ ಮೂರರಲ್ಲಿ ಆರಿಸಿದವರು ಯಾರು?" ಎಂದ ಪಂಚಾಕ್ಷರಪ್ಪ.

"ಸಮಿತಿ."

"ಸಮಿತಿ ಅಂದರೆ?"

"ನಾನೇ ಅಂತ ಬರ್ಕೋರಿ." ವೀರಬಸಪ್ಪ ಶಲ್ಯದಿಂದ ಕತ್ತಿನ ಬೆವರು ಒರೆಸಿಕೊಂಡರು. "ಮೊದಲನೇದು ತಗಡು. ಬೊಂಬಾಯಿಂದ ತರಿಸಿದ್ದೆ. ನೋಡ್ರಿ, ಒಂದು ತುಂಡಿಗೆ ಮೂರೇ ಮೂರು ಅಡ್ಡಪಟ್ಟಿ. ನಡುವ ಇನ್ನೊಂದು ಕಂಬಿ ಬ್ಯಾರೆ, ಕರೆಂಟಿಗಂತ. ನಮ್ಮೂರಾಗ ದೀಪಕ್ಕೇ ಕರೆಂಟಿಲ್ಲ. ಶಿರಾಳಕೊಪ್ಪದ ಸಂತ್ಯಾಗ ಇಟ್ರೆ ಜನ ಹಲ್ಲು ಕಿಸಿದ್ರು. 'ಯಜಮಾನ್ರೆ, ಮೊಮ್ಮಗನ ಆಟದ ಸಾಮಾನು ಕದ್ದು ತಂದೀರೇನು' ಅಂದ್ರು."

"ಎರಡನೆಯದು?"

"ಹಿತ್ತಾಳೆ. ಮದರಾಸಿನ ಅಂಗಡಿದು. ಕಣ್ಣಿಗೆ ಚೆಂದ. ಪೂರಾ ದಾರಿಗೆ ಹಾಕಿದ್ರೆ ನನ್ನ ಗಿರಣಿ ಮಾರಬೇಕಿತ್ತು. ಅಲ್ಲದೆ ಬಂಗಾರದಂಗ ಹೊಳೀತಿತ್ತು. ಬಂಗಾರದ ಹಳಿ ಯಾವ ಊರಾಗ ಅದಾವ್ರೀ?"

"ಮೂರನೆಯದು ಇದು."

"ಹ್ಞೂಂ. ಮುರಕಲು ಕೊಡೆ." ವೀರಬಸಪ್ಪನ ಬಾಯಿ ಮೊದಲ ಸಲ ಸ್ವಲ್ಪ ನಕ್ಕಿತು. "ಆ ಮೇಷ್ಟ್ರ ತಲಿ ನೋಡ್ರಿ. ಆನಂದಪುರಕ್ಕೆ ಹೋಗಿ ರೈಲು ಹಳಿ ಪಕ್ಕ ಕುಕ್ಕರುಗಾಲಾಗ ಕುಂತು ನೋಡ್ಕೊಂಡು ಬಂದ. ಬಂದಾಂವ ಕೊಡೆ ರಿಪೇರಿಯವರ ಹತ್ರ ಹೋಗಿ ಮುರಿದ ಕಡ್ಡಿ ಎಲ್ಲಾ ಎತ್ಕೊಂಡು ಬಂದ. ಕೊಡೆಕಡ್ಡಿಗೆ ಒಂದು ಕಡೆ ಉದ್ದಕ್ಕ ತೋಡು ಇರ್ತದಲ್ಲ? ಅದನ್ನ ಕೆಳಗ ಮಾಡಿ ಕೂರಿಸಿದ. ಹಳಿ ಅಂದ್ರೆ ಹಳಿ. ಖರ್ಚು ಅಂದ್ರೆ ಒಂದು ಊಟದ್ದು."

ಪಂಚಾಕ್ಷರಪ್ಪ ಮತ್ತೆ ಬಗ್ಗಿದ. ಹುಟ್ಟಿ ಬೆಳೆದದ್ದು ಹರಿಹರದಲ್ಲಿ, ಸ್ಟೇಷನ್ನಿನ ಹಿಂದಿನ ಕೇರಿಯಲ್ಲಿ. ಹಳಿ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಟದಲ್ಲಿ ಬರೆಯುವವರು ಹಳಿಯನ್ನು ಪೂರ್ತಿ ಬೆಳ್ಳಿ ಮಾಡುತ್ತಾರೆ. ನಿಜವಾದ ಹಳಿ ನೆತ್ತಿಯ ಮೇಲೆ ಮಾತ್ರ ಹೊಳೆಯುತ್ತದೆ, ಪಕ್ಕೆ ತುಕ್ಕು. ರಾಮಪ್ಪ ಕಡ್ಡಿಗಳನ್ನು ಉಪ್ಪುನೀರಿನಲ್ಲಿ ನೆನೆಸಿ ತುಕ್ಕು ಹಿಡಿಸಿ, ನೆತ್ತಿಯನ್ನಷ್ಟೇ ಮರಳಿನಲ್ಲಿ ಉಜ್ಜಿದ್ದ. ಹಳಿಯ ಕೆಳಗಿನ ಮರದ ಅಡಿಪಟ್ಟಿಗಳಿಗೆ ತಾರು ಬಳಿದಿದ್ದ. ಜಲ್ಲಿಗೆ ಜರಡಿ ಹಿಡಿದ ಕಲ್ಲಿನ ಪುಡಿ ಹಾಕಿದ್ದ.

"ನಡುವೆ ಈ ಕಂದು ಕಲೆ?"

"ಅದನ್ನೂ ನನ್ನ ಬಾಯಿಂದ ಹೇಳಿಸ್ತೀರಾ? ರೈಲಿನ ಪಾಯಿಖಾನೆ ಹಳಿ ಮ್ಯಾಲೇ ಬೀಳ್ತದಂತ. ಅದೂ ಕಾಣಬೇಕಂತ. ಥೂ!"

ಬಾಗಿಲಲ್ಲಿ ನಿಂತಿದ್ದ ದಫೇದಾರ್ ಆನಂದಪ್ಪ ಹೋ ಎಂದು ನಕ್ಕ. ಬಾಯಿ ತುಂಬ ಎಲೆಯಡಿಕೆ ಇದ್ದುದರಿಂದ ನಗು ಅರ್ಧ ಎಂಜಲಾಗಿ ಹೊರಗೆ ಬಂತು.

ಪಂಚಾಕ್ಷರಪ್ಪನಿಗೆ ನಗು ಬರಲಿಲ್ಲ. ಈ ಊರಿನಲ್ಲಿ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಮಾಡಿದವನು ಸತ್ತವನೊಬ್ಬನೇ ಎನ್ನಿಸಿತು. ಆದರೆ ಅವನು ಮಾಡಿದ್ದು ಯಾರ ಕೆಲಸಕ್ಕೆ ಬಂತು? ತಗಡಿನ ಹಳಿ ನೋಡಿ ನಕ್ಕ ಜನ ಈ ಹಳಿ ನೋಡಿ ನಗಲಿಲ್ಲ. ತಮ್ಮ ಹೊಲ ಯಾವುದು ಎಂದು ಹಲಗೆಯ ಮೇಲೆ ಹುಡುಕಿದರು, ಅದರ ಮೇಲೆ ತುಕ್ಕು ಹಿಡಿದ ಹಳಿ ಕಂಡರು, ಬೆರಳಿಗೆ ಹತ್ತಿದ ತಾರು ನೋಡಿಕೊಂಡರು, ನಂಬಿದರು. ಸರ್ಕಾರ ಬಂದು ಕಿತ್ತುಕೊಳ್ಳುವ ಮುಂಚೆ ವೀರಬಸಪ್ಪನವರಿಗೆ ಹೊಲ ಬರೆದುಕೊಟ್ಟು, ಅವರು ಕೊಟ್ಟಷ್ಟಕ್ಕೆ ಕೈ ಒಡ್ಡಿದರು. ರಾಜಪ್ಪನ ತಾಯಿ ಅಕ್ಕನಾಗಮ್ಮ ಇದೇ ಹಲಗೆಯ ಮುಂದೆ ಕುಸಿದು ಕೂತಿದ್ದಳಂತೆ. ಆದರೆ ಅವಳು ಮಾತ್ರ ಮಾರಾಟದ ಕಾಗದಕ್ಕೆ ಇನ್ನೂ ಹೆಬ್ಬೆಟ್ಟು ಒತ್ತಿರಲಿಲ್ಲ.

"ಈ ದಾರಿ ಸರ್ವೆ ಆಗಿದೆಯೇನ್ರಿ?"

"ಆಗ್ತೈತಿ."

"ಆಗಿಲ್ಲ ಅಂದಹಾಗಾಯಿತು. ಮತ್ತೆ ಹಳಿ ತೊಗರ್ಸಿಯ ಅಕ್ಕನಾಗಮ್ಮನ ಹೊಲದ ಮೇಲೇ ಹೋಗುತ್ತದೆ ಅಂತ ಹೇಗೆ ಗೊತ್ತಾಯಿತು?"

"ಎಲ್ಲ್ಯಾರ ಒಂದು ಕಡೆ ಹೋಗಬೇಕಲ್ರೀ ಸಾಹೇಬ್ರೆ," ಎಂದರು ವೀರಬಸಪ್ಪ, ಮಗುವಿಗೆ ತಿಳಿಹೇಳುವ ಹಾಗೆ.

ಪಂಚಾಕ್ಷರಪ್ಪ ಷರಟಿನ ಜೇಬಿನಿಂದ ಒಂದು ಪೊಟ್ಟಣ ತೆಗೆದು ಹಲಗೆಯ ಮೇಲೆ ಬಿಚ್ಚಿದ. ಬಾಗಿದ ಎರಡು ಕೊಡೆಕಡ್ಡಿ, ಅವಕ್ಕೆ ಇನ್ನೂ ಅಂಟಿಕೊಂಡಿದ್ದ ಕೆಲವು ಅಡಿಪಟ್ಟಿ.

"ಇದು ಮೇಷ್ಟ್ರ ಜೇಬಿನಲ್ಲಿ ಸಿಕ್ಕದ್ದು. ಮಿಕ್ಕ ಸಾಮಾನು ಇರಬೇಕು ಅಂತ ನಿನ್ನೆ ದಫೇದಾರ್ ಹೇಳಿದ. ನಾನೂ ಹೌದು ಅಂದೆ. ಇದರ ಹೊಟ್ಟೆ ನೋಡಿ."

ತಿರುಗಿಸಿ ಹಿಡಿದ. ಪಟ್ಟಿಗಳ ತಳದಲ್ಲಿ ಗೋಂದಿನ ಜೊತೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು.

"ಮಿಕ್ಕ ಸಾಮಾನಿಗೆ ಮಣ್ಣು ಯಾಕೆ ಅಂಟುತ್ತದೆ? ಇದನ್ನು ಕೂರಿಸಿದ್ದರು, ಆಮೇಲೆ ಕಿತ್ತಿದ್ದಾರೆ. ಈ ಹಲಗೆಯಲ್ಲಿ ಕೆಂಪು ಮಣ್ಣು ಹಾಕಿರುವುದು ಎಲ್ಲಿ?"

ಮೂವರೂ ಹಲಗೆಯ ಕಡೆ ನೋಡಿದರು. ಹಲಗೆಯ ಉದ್ದಕ್ಕೂ ಹಸಿರು, ಕಪ್ಪು, ಕಂದು. ಕೆಂಪು ಒಂದೇ ಕಡೆ, ತೊಗರ್ಸಿಯ ಹತ್ತಿರ ಒಂದು ಗೇಣು. ಅಕ್ಕನಾಗಮ್ಮನ ಹೊಲ. ಅದರ ಮೇಲೆ ಹಳಿ ನೆಟ್ಟಗೆ, ಗಟ್ಟಿಯಾಗಿ ಕೂತಿತ್ತು.

"ರಾಮಪ್ಪ ಈ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟಿದ್ದಾನೆ. ಸತ್ತಿದ್ದಾನೆ. ನಿನ್ನೆ ಮಧ್ಯಾಹ್ನ ನಾನು ಬಂದಾಗ ಹಳಿ ಹೀಗೇ ಪೂರ್ತಿ ಇತ್ತು. ಅಂದರೆ ಅವನು ಸತ್ತ ಮೇಲೆ ಯಾರೋ ಮತ್ತೆ ಹಾಕಿದ್ದಾರೆ. ರಾಜಪ್ಪ ಹಾಕಿದನೇ? ಲಾಕಪ್ಪಿನಿಂದ ಎದ್ದು ಬಂದು, ತನ್ನ ಹೊಲದ ಮೇಲೆ ತಾನೇ?"

"ನನ್ನ ಕೇಳಿದ್ರೆ?" ವೀರಬಸಪ್ಪನ ದನಿ ಗಡುಸಾಯಿತು. "ಆ ಹುಡುಗ ಮಂಗಳವಾರ ಇಲ್ಲೇ ನಿಂತು, ನಾಲ್ಕು ಜನರ ಎದುರಿಗೆ, 'ಹಳಿ ಹಾಕಿದ ಕೈ ಮುರೀತೀನಿ' ಅಂದಾನೆ. ಅದು ಸಾಲದೇನ್ರೀ?"

"ಕೈ ಮುರೀತೀನಿ ಅಂದ. ಆಮೇಲೆ ಆ ಕೈಯೇ ಹಳಿ ಕಿತ್ತು ಹಾಕಿತು. ಇನ್ನು ಅವನಿಗೆ ಅದನ್ನು ಮುರಿಯುವ ಕೆಲಸ ಏನಿತ್ತು?"

ಪಂಚಾಕ್ಷರಪ್ಪ ಚಾಕು ಬಿಚ್ಚಿದ. ವೀರಬಸಪ್ಪ "ಏ, ಏ, ಭಾನುವಾರ ದೊಡ್ಡ ಮಂದಿ ನೋಡಾಕ ಬರ್ತಾರ್ರೀ" ಎನ್ನುವಷ್ಟರಲ್ಲಿ ತೊಗರ್ಸಿಯ ಹಳಿಯ ಕೆಳಗೆ ಚಾಕು ಹಾಕಿ ಒಂದು ಅಡಿಪಟ್ಟಿ ಎಬ್ಬಿಸಿದ. ತಾರು ಇನ್ನೂ ಒಣಗಿರಲಿಲ್ಲ, ಬೆರಳಿಗೆ ಕರ್ರಗೆ ಹತ್ತಿತು. ಉಳಿದ ದಾರಿಯಲ್ಲಿ ತಾರು ಕಲ್ಲಾಗಿತ್ತು.

ಪಟ್ಟಿಯ ತುದಿಯನ್ನು ಕೆರೆದ. ಮೂಗಿನ ಹತ್ತಿರ ಹಿಡಿದ.

ತಾರಿನ ಘಾಟು. ಅದರ ಹಿಂದಿನಿಂದ, ನಾಚಿಕೆಯಿಲ್ಲದೆ, ದೇವರ ಮನೆಯ ಪರಿಮಳ.

ಶ್ರೀಗಂಧ.

ಅಲ್ಲಿಯ ತನಕ ಆ ಗೋದಾಮಿನ ಒಂದು ನಾತಕ್ಕೂ ಹೇಸದಿದ್ದವನು ಈ ಸುವಾಸನೆಗೆ ಪಟ್ಟಿಯನ್ನು ಮೂಗಿನಿಂದ ದೂರ ಹಿಡಿದ. ಪಾಯಿಖಾನೆಯ ಬಣ್ಣ ಬಳಿದ ಹಳಿಯ ಕೆಳಗೆ ಗಂಧದ ಚೆಕ್ಕೆ! ಅಗ್ಗದ ಹಳಿ ಬೇಕೆಂದು ಮುರುಕು ಕೊಡೆ ಹುಡುಕಿದವನು ಗಂಧ ಹಾಕುತ್ತಾನೆಯೇ?

"ತಾರು ಸಾರ್," ಎಂದ ಬಾಗಿಲಿನಿಂದ ಆನಂದಪ್ಪ. "ತಾರು ಹಳೇದಾದ್ರೆ ಹಂಗೇ ನಾರ್ತದೆ."

"ಗಂಧ ಕಣಯ್ಯಾ."

"ಗಂಧ ಅಂದ್ರ ಸೊರಬ," ಎಂದರು ವೀರಬಸಪ್ಪ ಥಟ್ಟನೆ. "ಗುಡಿಗಾರ್ರು ಕೆತ್ತೋರು ಅಲ್ಲೇ ಅದಾರ. ಹೋಗಿ ಅವರನ್ನ ಕೇಳ್ರಿ. ನಮ್ಮದು ಅಕ್ಕಿ ವ್ಯಾಪಾರ."

ಆನಂದಪ್ಪ ಹೊರಗೆ ಹೋಗಿ ಉಗಿದು ಬಂದ. ಬಾಯಿ ಖಾಲಿಯಾದದ್ದರಿಂದ ಈಗ ಅವನ ಮಾತು ಸ್ಪಷ್ಟವಾಗಿತ್ತು. "ನಾನು ಹೋಗಿ ವಿಚಾರಿಸ್ಕೊಂಡು ಬರ್ತೀನಿ ಸಾರ್. ನಿಮಗ್ಯಾಕೆ ಈ ಬಿಸಿಲಾಗ ಬಸ್ಸಿನ ಧೂಳು?"

ಪಂಚಾಕ್ಷರಪ್ಪ ತನ್ನ ಬೆರಳನ್ನೇ ನೋಡುತ್ತಿದ್ದ. ತುದಿಯಲ್ಲಿ ಕಪ್ಪು ಕಲೆ. ಇದೇ ಕಲೆಯನ್ನು ನಿನ್ನೆ ಮಧ್ಯಾಹ್ನ ಇನ್ನೊಬ್ಬರ ಬೆರಳಲ್ಲಿ ನೋಡಿದ್ದ. ಕೆರೆಯಿಂದ ತಂದು ಗಿರಣಿಯ ಹಿಂದೆ ಮಲಗಿಸಿದ್ದ ರಾಮಪ್ಪನ ಹೆಣದ ತಲೆದೆಸೆಯಲ್ಲಿ ಅವನ ಹೆಂಡತಿ ವನಜಮ್ಮ ಕೂತಿದ್ದಳು. ಅಳುತ್ತಿರಲಿಲ್ಲ. ಎರಡೂ ಕೈ ಮಡಿಲಲ್ಲಿ ಮಲಗಿಸಿದ್ದಳು. ಬೆರಳುಗಳು ಕರ್ರಗಿದ್ದವು. ಒಲೆಯ ಮಸಿ ಎಂದುಕೊಂಡು ಸುಮ್ಮನಾಗಿದ್ದ. ವನಜಮ್ಮ ಸೊರಬದ ಗುಡಿಗಾರರ ಮನೆಯ ಮಗಳು ಎಂದು ಯಾರೋ ಹೇಳಿದ್ದೂ ಈಗ ನೆನಪಾಯಿತು.

"ಬೇಡ. ನಾನೇ ಹೋಗ್ತೀನಿ," ಎಂದ. "ನೀನು ಠಾಣೆ ನೋಡಿಕೋ. ನಾನು ಬರೋ ತನಕ ರಾಜಪ್ಪನನ್ನು ಕದಲಿಸಬೇಡ."

"ಆಯ್ತು ಸಾರ್," ಎಂದ ಆನಂದಪ್ಪ.

ಠಾಣೆಯ ಮೆಟ್ಟಿಲ ಮೇಲೆ ಅಕ್ಕನಾಗಮ್ಮ ಕೂತಿದ್ದಳು. ಪಕ್ಕದಲ್ಲಿ ಬುತ್ತಿಯ ಗಂಟು, ಅದರ ಮೇಲೆ ನೊಣ. ಪಂಚಾಕ್ಷರಪ್ಪ ಲಾಕಪ್ಪಿನ ಬೀಗದ ಕೈಯನ್ನು ದಫೇದಾರನ ಕೈಗೆ ಕೊಡುವುದನ್ನು ಅವಳು ನೋಡಿದಳು.

"ಯಪ್ಪಾ, ಬುತ್ತಿ ಒಳಗ ಬಿಡವೊಲ್ರು," ಎಂದಳು.

"ಯಾರು?"

"ಅವ್ರೇ," ಎಂದು ದಫೇದಾರನ ಕಡೆ ಗಲ್ಲ ತೋರಿಸಿದಳು. "ಯಜಮಾನ್ರ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ರ ಬುತ್ತೀನೂ ಒಳಗ ಹೋಗ್ತೈತಿ, ಮಗಾನೂ ಹೊರಗ ಬರ್ತಾನ ಅಂತಾರ. ಒತ್ತಲೇನಪ್ಪಾ? ನನಗೊಬ್ಬನೇ ಮಗ."

ಆನಂದಪ್ಪ ಮೀಸೆಯಲ್ಲೇ ನಕ್ಕ. "ಮುದುಕಿಗೆ ತಲೆ ಕೆಟ್ಟೈತಿ ಸಾರ್."

"ಬುತ್ತಿ ಒಳಗೆ ಕೊಡು," ಎಂದ ಪಂಚಾಕ್ಷರಪ್ಪ. "ಅಮ್ಮಾ, ಸಂಜೆ ತನಕ ಯಾವುದಕ್ಕೂ ಹೆಬ್ಬೆಟ್ಟು ಒತ್ತಬೇಡ." ದಫೇದಾರನಿಗೆ ಇನ್ನಷ್ಟು ಹೇಳಬೇಕೆನ್ನಿಸಿತು. ಬಸ್ಸು ಹಾರನ್ ಮಾಡುತ್ತಿತ್ತು. ಬೀಡಿ ಹೊಗೆ, ವಾಂತಿ, ಬುಟ್ಟಿಯೊಳಗಿನ ಕೋಳಿ ತುಂಬಿಕೊಂಡ ಆ ಬಸ್ಸಿಗೆ ಹತ್ತಿಕೊಂಡ.

ಸೊರಬದ ಹತ್ತಿರದ ಹೊಸಬಾಳೆಯಲ್ಲಿ ವನಜಮ್ಮನ ಮನೆಯ ಜಗಲಿಯ ಮೇಲೆ ನೆರೆಯ ಹೆಂಗಸರಿದ್ದರು. ಪೊಲೀಸು ಬಟ್ಟೆ ಕಂಡು ಎದ್ದು ಒಳಗೆ ಸರಿದರು. ವನಜಮ್ಮ ಏಳಲಿಲ್ಲ. ಬೆರಳ ತುದಿಗಳು ಈಗ ಕೆಂಪಾಗಿದ್ದವು. ತಾರು ಬಿಡಿಸಲು ಕಲ್ಲಿಗೆ ತಿಕ್ಕಿದ್ದಳೆಂದು ಕಾಣುತ್ತಿತ್ತು.

ಪಂಚಾಕ್ಷರಪ್ಪ ಎದುರಿಗೆ ಕೂತು ಆ ಸಣ್ಣ ಪಟ್ಟಿಯನ್ನು ಅವಳ ಮುಂದೆ ಇಟ್ಟ. ಅವಳು ಅದನ್ನು ಮುಟ್ಟಲಿಲ್ಲ.

"ಇದು ನೀವು ಕೊಯ್ದದ್ದೇ?"

"ಎಲ್ಲಾ ಪಟ್ಟೀನೂ ನಾನೇ ಕೊಯ್ದಿದ್ದು. ಅವರಿಗೆ ಬಣ್ಣ ಬರ್ತಿತ್ತು, ಉಳಿ ಹಿಡಿಯಕ್ಕೆ ಬರ್ತಿರ್ಲಿಲ್ಲ."

"ಉಳಿದದ್ದು ಹೊನ್ನೆಮರ. ಇದು ಗಂಧ."

"ಹೊನ್ನೆ ಮುಗ್ದಿತ್ತು." ಅವಳು ದೇವರ ಗೂಡಿನ ಕಡೆ ನೋಡಿದಳು. ಅಲ್ಲಿ ಗಂಧ ತೇಯುವ ಸಾಣೆಕಲ್ಲು ಒಂದೇ ಇತ್ತು. ಕೊರಡು ಇರಲಿಲ್ಲ. "ನಮ್ಮಪ್ಪ ಮದುವೇಲಿ ಕೊಟ್ಟ ಕೊರಡು ಅದು. ದಿನಾ ಪೂಜೆಗೆ ತೇಯ್ತಿದ್ದೆ. ಅದನ್ನೇ ಸೀಳಿದೆ."

"ಯಾಕೆ?"

"ಅರ್ಜೆಂಟು ಅಂದ್ರು. ನಿನ್ನೆ ಬೆಳಿಗ್ಗೆ ನಾನು ಇನ್ನೂ ಅಂಗಳ ಸಾರಿಸ್ತಾ ಇದ್ದೆ. ಬಾಡಿಗೆ ಕಾರು ಬಂತು. 'ನಿನ್ನ ಗಂಡಂಗೆ ಹುಷಾರಿಲ್ಲ, ಮಲಗಿಬಿಟ್ಟಿದಾನೆ. ಹಳಿ ಒಂದು ಗೇಣು ಕಿತ್ತು ಹೋಗಿದೆ. ಇವತ್ತು ಸರಿಯಾಗದೆ ಇದ್ರೆ ಅವನ ಮೇಲೆ ಕೇಸಾಗ್ತದೆ. ಪಟ್ಟಿ ಕೊಯ್ಕೊಂಡು ಬಾ, ನೀನೇ ಕೂರಿಸು' ಅಂದ್ರು. ನಾನು ಎಂತ ಮಾಡ್ಲಿ ಹೇಳಿ? ಮನೇಲಿ ಬೇರೆ ಮರ ಇರ್ಲಿಲ್ಲ."

"ಹೋದಿರಿ."

"ಹೋದೆ. ಗಿರಣೀಲಿ ಕೂತು ಹಾಕ್ದೆ. 'ಅವರೆಲ್ಲಿ' ಅಂತ ಕೇಳ್ದೆ. 'ಹಿಂದುಗಡೆ ಮಲಗಿದಾನೆ, ಎಬ್ಬಿಸಬೇಡ, ಮೊದ್ಲು ಕೆಲಸ ಮುಗಿಸು' ಅಂದ್ರು. ಜ್ವರ ಅಲ್ದಾ, ಮಲಗಲಿ ಅಂತ ಸುಮ್ನಾದೆ. ಚೆಂದ ಕೂರಿಸ್ದೆ. ಅವರು ಎದ್ದು ಬಂದು ನೋಡಿ ಬೈಯಬಾರ್ದು ಅಂತ ಎರಡೆರಡು ಸಲ ಸರಿ ಮಾಡ್ದೆ."

ಒಳಗಿನಿಂದ ಯಾವುದೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ವನಜಮ್ಮ ಬಿಕ್ಕಲಿಲ್ಲ.

"ಮುಗಿದ ಮೇಲೆ ಹಿಂದುಗಡೆ ಕರ್ಕೊಂಡು ಹೋಗಿ ಚಾಪೆ ಎತ್ತಿದ್ರು," ಎಂದಳು.

ಪಂಚಾಕ್ಷರಪ್ಪ ಎದ್ದು ಜಗಲಿಯ ಅಂಚಿಗೆ ಹೋದ. ಅಂಗಳದ ತುಳಸಿಕಟ್ಟೆಯ ಪಕ್ಕ ಬಸ್ಸಿನಲ್ಲಿ ನುಂಗಿದ ಧೂಳನ್ನೆಲ್ಲ ಉಗಿಯಬೇಕೆನ್ನಿಸಿತು. ಬಾಯಿ ಒಣಗಿತ್ತು. ಊರೆಲ್ಲ ಹೇಸಿದ್ದು ಹಳಿಯ ಮೇಲಿನ ಕಂದು ಕಲೆಗೆ! ಗಂಡನ ಹೆಣ ಗೋಡೆಯ ಆಚೆ ಇಟ್ಟುಕೊಂಡು ಹೆಂಡತಿಯ ಕೈಯಲ್ಲಿ ಹಳಿ ಹಾಕಿಸಿದವರು ಆ ಕಲೆಗೆ ಮೂಗು ಮುಚ್ಚಿಕೊಂಡಿದ್ದರು.

"ಇದನ್ನು ನಿನ್ನೆ ನನಗೆ ಯಾಕೆ ಹೇಳಲಿಲ್ಲ?"

ವನಜಮ್ಮ ಮೊದಲ ಸಲ ಅವನ ಮುಖ ನೋಡಿದಳು. ಆ ನೋಟದಲ್ಲಿ ದುಃಖವಿರಲಿಲ್ಲ. ಹುಳ ಬಿದ್ದ ಅನ್ನವನ್ನು ನೋಡುವ ಹಾಗೆ ನೋಡಿದಳು.

"ನಿಮಗೆ ಎಂತ ಹೇಳೋದು? ನೀವೇ ಹೇಳಿ ಕಳ್ಸಿದ್ದಲ್ವಾ? 'ಇನ್‌ಸ್ಪೆಕ್ಟರ್ ಸಾಹೇಬ್ರ ಆರ್ಡರು' ಅಂದ್ರು."

"ಯಾರು ಅಂದದ್ದು? ವೀರಬಸಪ್ಪನೇ?"

"ಅವರ ಮುಖಾನೇ ನಾನು ನೋಡಿಲ್ಲ. ಬಂದಿದ್ದು, ಕರ್ಕೊಂಡು ಹೋಗಿದ್ದು, ಚಾಪೆ ಎತ್ತಿದ್ದು, ಎಲ್ಲಾ ಒಬ್ರೇ. ನಿಮ್ಮ ದಫೇದಾರ್ರು. ಎಲೆಯಡಿಕೆ ಹಾಕ್ತಾರಲ್ಲ, ಅವ್ರು."

ನೆರೆಯವರ ಸೈಕಲ್ಲು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಪಂಚಾಕ್ಷರಪ್ಪ ಸೊರಬಕ್ಕೆ ತುಳಿದ. ಬಿಸಿಲು ಇಳಿಯುತ್ತಿತ್ತು. ಗೋದಾಮಿನ ಬಾಗಿಲಲ್ಲಿ ನಿಂತು ಆನಂದಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ: ಕೆಂಪು ಮಣ್ಣು, ಹಸಿ ತಾರು, ಗಂಧ. ರಾಜಪ್ಪ ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಕೇಸು ನಿಲ್ಲುವುದಿಲ್ಲ, ಕೋರ್ಟಿನ ತನಕ ಬದುಕದಿದ್ದರೆ ಮಾತ್ರ ನಿಲ್ಲುತ್ತದೆ ಎಂದು ದಫೇದಾರನಿಗೆ ತಾನೇ ಪಾಠ ಮಾಡಿದ ಹಾಗಾಯಿತು. ಪಾಠ ಮಾಡಿ, ಬೀಗದ ಕೈಯನ್ನೂ ಅವನ ಕೈಯಲ್ಲೇ ಇಟ್ಟು ಬಂದಿದ್ದ.

ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಸಿಗುವ ತನಕ ನಿಂತ ಕಡೆ ನಿಲ್ಲಲಾಗಲಿಲ್ಲ. ಕೊನೆಗೆ ತಂತಿಯ ಗೊರಗೊರದ ಆಚೆ ಠಾಣೆಯ ಪೇದೆಯ ದನಿ ಕೇಳಿಸಿತು.

"ದಫೇದಾರ್‌ಗೆ ಕೊಡು."

"ದಫೇದಾರ್ರು ಇಲ್ರೀ ಸಾರ್. ರಾಜಪ್ಪನ್ನ ಕರ್ಕೊಂಡು ಹೋಗ್ಯಾರೆ."

"ಶಿವಮೊಗ್ಗ ಬಸ್ಸಿಗಾ?"

"ಅಲ್ರೀ ಸಾರ್. ಕೆರೆ ತೂಬಿನ ಹತ್ರ. ಹೆಣ ಬಿದ್ದ ಜಾಗ ಅವನೇ ತೋರಿಸಬೇಕಂತಲ್ಲ. ನಿಮ್ಮದೇ ಆರ್ಡರು ಅಂದ್ರು."

ಪಂಚಾಕ್ಷರಪ್ಪ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಜೊತೆಗೆ ಯಾರು ಹೋಗಿದ್ದಾರೆ?"

"ಯಾರೂ ಇಲ್ರೀ. ಅವನ ತಾಯಿ ಬರ್ತೀನಿ ಅಂದ್ಲು, ಬ್ಯಾಡ ಅಂದ್ರು."

"ಕೈಗೆ ಬೇಡಿ ಹಾಕಿದ್ದಾನೇನೋ?"

ಆ ಕಡೆ ಪೇದೆ ಯಾವುದನ್ನೋ ನೋಡಲು ತಿರುಗಿದ. ಮೇಜಿನ ಮೇಲೆ ಕಬ್ಬಿಣ ಎಳೆದ ಸದ್ದು ತಂತಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲ ಸಾರ್," ಎಂದ. "ಬೇಡಿ ಬಿಚ್ಚಿ ಇಲ್ಲೇ ಇಟ್ಟು ಹೋಗ್ಯಾರೆ."